ಹನ್ನೆರಡನೇ ಆಟಿಕೆ ಕರೆ

"ಇನ್ನೊಂದ್ಸಲ ಹಾಕು," ಎಂದಳು ವರ್ನಾ.

"ಏನಿದೆ ಅಂತ ಹಾಕ್ಲಿ ಮಾರಾಯ್ತಿ? ಹನ್ನೊಂದೂ ಕೇಳಿದ್ದಾಯ್ತು. ಯಾವ್ದೋ ಮಗು ಹಳೇ ಫೋನ್ ಹಿಡ್ಕೊಂಡು ಆಟ ಆಡ್ತಿದೆ, ಅಷ್ಟೇ," ಎಂದು ಗ್ವೆನ್ ಗೊಣಗಿದಳು. ಗೊಣಗುತ್ತಲೇ ಗುಂಡಿ ಒತ್ತಿದಳು.

ಮೊದಲು ಕರಕರ ಸದ್ದು. ಆಮೇಲೆ ತುರ್ತು ಕರೆಗಳನ್ನು ಎತ್ತುವ ಗ್ವೆನ್‌ಳದೇ ದನಿ: "ನೈನ್ ಒನ್ ಒನ್, ನಿಮ್ಮ ಆಪತ್ತು ಎಲ್ಲಿ?" ಉತ್ತರವಿಲ್ಲ. ಮತ್ತೆ ಅದೇ ಪ್ರಶ್ನೆ. ಉತ್ತರವಿಲ್ಲ. ಲೈನ್ ಕಟ್ಟಾಯಿತು. ಆ ಎರಡು ಪ್ರಶ್ನೆಗಳ ನಡುವೆ, ಎಲ್ಲೋ ಆಳದಲ್ಲಿ, ಉಸಿರು ಕೇಳುತ್ತಿತ್ತು. ಪುಸ್... ಪುಸ್... ಪುಸ್...

ವರ್ನಾ ಸ್ಪೀಕರಿಗೆ ಕಿವಿ ಹಚ್ಚಿದಳು. ಜೋನಿ ಹೀಗೆ ಉಸಿರೆಳೆಯುತ್ತಿದ್ದಾಳೆಯೇ? ಬಾಯಿಗೆ ಬಟ್ಟೆ ತುರುಕಿದ್ದಾರೆಯೇ?

ಜೋನಿ ವರ್ನಾಳ ಸತ್ತ ಅಕ್ಕನ ಮಗಳು. ಹನ್ನೆರಡು ವರ್ಷದವಳಿದ್ದಾಗ ಕರೆತಂದು ಸಾಕಿದವಳು ವರ್ನಾಳೇ. ಈಗ ಇಪ್ಪತ್ತಾರರ ಹೆಣ್ಣು, ಕೌಂಟಿ ಕಚೇರಿಯಲ್ಲಿ ಗುಮಾಸ್ತೆ. ಸೋಮವಾರ ಸಂಜೆ ಕೆಲಸ ಮುಗಿಸಿ, ಕೆಂಪು ಕೋಟು ತೊಟ್ಟು ಹೊರಟವಳು ಮನೆ ಮುಟ್ಟಿರಲಿಲ್ಲ. ಇವತ್ತು ಗುರುವಾರ.

ಅವಳ ಫೋನು ಆರಿಹೋಗುವ ಮೊದಲು ಕೊನೆಯದಾಗಿ ಸಿಕ್ಕಿದ್ದು ಆಶ್ ಕ್ರೀಕ್‌ನ ಮೊಬೈಲ್ ಗೋಪುರಕ್ಕೆ. ಅದಕ್ಕೇ ವರ್ನಾ ಬೆಳಗಿನಿಂದ ಆ ಗೋಪುರದ ಮೂಲಕ ಬಂದ ತುರ್ತು ಕರೆಗಳನ್ನೆಲ್ಲ ಕೇಳುತ್ತ ಕೂತಿದ್ದಳು. ವಿಲೋಫೋರ್ಕ್ ಕೌಂಟಿಯ, ಅಂದರೆ ಆ ಪುಟ್ಟ ಜಿಲ್ಲೆಯ, ಶೆರಿಫ್ ಪೊಲೀಸ್ ಇಲಾಖೆಗೆ ತನಿಖಾಧಿಕಾರಿ ಎಂದರೆ ಅವಳೊಬ್ಬಳೇ. ಕತ್ತಲಾಗುವುದರೊಳಗೆ ಹಿಮಗಾಳಿ ನುಗ್ಗುತ್ತದೆ, ಕರು ಹಾಕುವ ಹಸುಗಳನ್ನು ಕೊಟ್ಟಿಗೆಗೆ ಸೇರಿಸಿ ಎಂದು ರೇಡಿಯೊ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಜೋನಿ ಎಲ್ಲಾದರೂ ಹೊರಗಿದ್ದರೆ ಇವತ್ತಿನ ರಾತ್ರಿ ದಾಟುವುದಿಲ್ಲ. ಈ ಲೆಕ್ಕ ವರ್ನಾಳ ತಲೆಯಲ್ಲಿ ಒಂದೇ ಸಮನೆ ಕೊರೆಯುತ್ತಿತ್ತು.

"ತಿನ್ನೇ ಏನಾದ್ರೂ," ಎಂದು ಗ್ವೆನ್ ಖಾರದ ಹುರುಳಿ ಸಾರಿನ ಬಟ್ಟಲನ್ನೂ ಚಕ್ಕೆಪುಡಿಯ ಸಿಹಿ ರೋಲನ್ನೂ ಮುಂದೆ ತಳ್ಳಿದಳು. "ನಿನ್ನೆಯಿಂದ ಬರೀ ಕಾಫಿ ಕುಡ್ಕೊಂಡಿದ್ದೀಯ. ನೀನೇ ಬಿದ್ಹೋದ್ರೆ ಅವಳನ್ನ ಹುಡುಕೋರು ಯಾರು?"

ವರ್ನಾ ರೋಲಿನ ತುದಿ ಮುರಿದು ಬಾಯಿಗಿಟ್ಟಳು. ಉಳಿದದ್ದನ್ನು ಪಕ್ಕಕ್ಕೆ ಸರಿಸಿದಳು.

ಪರದೆಯ ಮೇಲಿದ್ದ ಹನ್ನೊಂದು ಕರೆಗಳ ನಂಬರೂ ಒಂದೇ. ಅದರ ಮೊದಲ ಮೂರು ಅಂಕಿ ಒಂಬತ್ತು, ಒಂದು, ಒಂದು. ಹಾಗೆ ಬಂತೆಂದರೆ ಆ ಫೋನಿಗೆ ಯಾವ ಕಂಪನಿಯ ಸೇವೆಯೂ ಇಲ್ಲ, ಯಾರೂ ಬಿಲ್ಲು ಕಟ್ಟುತ್ತಿಲ್ಲ, ತಿರುಗಿ ಕರೆದರೆ ಹೋಗುವುದಿಲ್ಲ ಎಂದರ್ಥ. ಅಂಥ ಫೋನೂ ತುರ್ತು ಕರೆಯನ್ನು ಮಾತ್ರ ಮಾಡಬಲ್ಲದು. ತಾಯಂದಿರು ಹಳೆಯ ಫೋನನ್ನು ಹಠ ಮಾಡುವ ಮಕ್ಕಳ ಕೈಗೆ ಕೊಡುತ್ತಾರೆ, ಮಕ್ಕಳು ಗುಂಡಿ ಒತ್ತುತ್ತವೆ, ಇಲ್ಲಿ ಗಂಟೆ ಬಾರಿಸುತ್ತದೆ. ಈ ತುರ್ತು ಕರೆ ಕೊಠಡಿಯಲ್ಲಿ ಅವಕ್ಕೆ ಆಟಿಕೆ ಕರೆ ಎಂದೇ ಹೆಸರು. ಎರಡು ಸಲ ಕೇಳು, ಇಟ್ಟುಬಿಡು.

ಆ ಪದ್ಧತಿಯನ್ನು ಹುಟ್ಟುಹಾಕಿದವಳು ವರ್ನಾ. ತನಿಖಾಧಿಕಾರಿ ಆಗುವ ಮೊದಲು ಹತ್ತೊಂಬತ್ತು ವರ್ಷ ಅವಳು ಇದೇ ಕುರ್ಚಿಯಲ್ಲಿ ಕೂತವಳು. ಗ್ವೆನ್ ಹೊಸದಾಗಿ ಬಂದಾಗ ಅವಳ ಪಕ್ಕ ನಿಂತು ಹೇಳಿಕೊಟ್ಟವಳೂ ಅವಳೇ. ಹನ್ನೊಂದು ಕರೆಗಳಲ್ಲಿ ಎಂಟನ್ನು ಗ್ವೆನ್ ಎತ್ತಿದ್ದಳು, ಮೂರನ್ನು ಬೇರೆ ಪಾಳಿಯವರು. ಎಲ್ಲರೂ ಎರಡೇ ಸಲ ಕೇಳಿದ್ದರು, ಎಲ್ಲರೂ ಇಟ್ಟಿದ್ದರು. ಯಾರನ್ನು ಬೈಯುವುದು? ವರ್ನಾಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಜಾಗ ಎಲ್ಲಿ ತೋರಿಸ್ತಿದೆ?"

"ಗೋಪುರ. ಇನ್ನೇನು ತೋರಿಸುತ್ತೆ?"

ಗೋಪುರದ ಸುತ್ತ ಒಂದು ವೃತ್ತ, ಹದಿನೈದು ಮೈಲಿ ಅಗಲ. ಅದರೊಳಗೆ ತೋಟದ ಮನೆಗಳು, ಹಳ್ಳ, ಮರಳುಗುಡ್ಡ. ಕರೆ ಮಾಡಿದವರು ಯಾವ ಮನೆಯಲ್ಲಿದ್ದಾರೆಂದು ತೋರಿಸಬೇಕಾದ ಕಡೆ ಖಾಲಿ ಗೆರೆ.

ಮೆಟ್ಟಿಲಿನಲ್ಲಿ ಬೂಟಿನ ಸದ್ದಾಯಿತು. ನ್ಯಾಯಾಲಯದ ನೆಲಮಾಳಿಗೆಗೆ ಏದುಸಿರು ಬಿಡುತ್ತ ಇಳಿದು ಬಂದವನು ಲೈಲ್ ಬ್ರಾಂಟ್. ಕೌಂಟಿಯ ತುರ್ತು ಸೇವೆಗಳ ನಿರ್ದೇಶಕ, ದಪ್ಪ ಹೊಟ್ಟೆಯ ಮನುಷ್ಯ, ಚುನಾವಣೆಗೆ ನಿಂತಿಲ್ಲದಿದ್ದರೂ ಸಿಕ್ಕವರ ಕೈಯೆಲ್ಲ ಕುಲುಕುವವನು. ವರ್ನಾ ಕರೆಸಿದ್ದಳು.

"ಬನ್ನಿ ಲೈಲ್. ಇದನ್ನ ನೋಡಿ." ಅವಳು ಖಾಲಿ ಗೆರೆಯ ಮೇಲೆ ಬೆರಳಿಟ್ಟಳು. "ಇಲ್ಲಿ ಏನಿರ್ಬೇಕಿತ್ತು?"

ಲೈಲ್ ನೋಡಿದ. ಟೋಪಿ ತೆಗೆದ. ಮತ್ತೆ ಹಾಕಿಕೊಂಡ.

"ಪ್ರತಿ ತಿಂಗ್ಳೂ ನನ್ನ ಫೋನ್ ಬಿಲ್ಲಲ್ಲಿ ಎಪ್ಪತ್ತು ಸೆಂಟ್ಸ್ ಹಿಡೀತಾರೆ, ತುರ್ತು ಸೇವೆ ಶುಲ್ಕ ಅಂತ. ಜೋನಿ ಬಿಲ್ಲಲ್ಲೂ ಹಿಡೀತಾರೆ. ಈ ಕೌಂಟಿಲಿ ಮೊಬೈಲ್ ಇಟ್ಕೊಂಡಿರೋ ಒಬ್ರನ್ನೂ ಬಿಟ್ಟಿಲ್ಲ. ಫೋನ್ ಮಾಡಿದೋರು ಎಲ್ಲಿದ್ದಾರೆ ಅಂತ ಹುಡುಕೋದಕ್ಕೆ ಆ ದುಡ್ಡು ಅಂತ ನೀವೇ ಸಭೇಲಿ ಎದೆ ತಟ್ಕೊಂಡು ಹೇಳಿದ್ರಿ. ಎಲ್ರೀ ಅದು?"

"ನಿಧಾನ ವರ್ನಾ. ನಿನ್ನ ಸಂಕಟ ನಂಗರ್ಥ ಆಗುತ್ತೆ..."

"ನನ್ನ ಸಂಕಟದ ಸುದ್ದಿ ಬಿಡಿ. ಎಲ್ಲಿ ಅದು?"

ಲೈಲ್ ಪಕ್ಕದ ಕುರ್ಚಿಗೆ ಕುಸಿದ. ಹೊರಗೆ ಅಷ್ಟು ಚಳಿಯಿದ್ದರೂ ಅವನ ಹಣೆಯ ಮೇಲೆ ಬೆವರು ಮೂಡಿತ್ತು.

"ಜಾಗ ಹುಡುಕೋ ಯಂತ್ರ ಒಂದು ವರ್ಷ ನಡೀತು. ಆಮೇಲೆ ನಿಲ್ಸಿದ್ವಿ. ಜೈಲಿನ ಛಾವಣಿ ಸೋರ್ತಿತ್ತು. ಎರಡು ಪಿಕಪ್ ಗಾಡಿ ಬೇಕಿತ್ತು. ಅದೂ ಸಾರ್ವಜನಿಕ ಸುರಕ್ಷತೆನೇ ಅಲ್ವೇನಮ್ಮಾ? ಜನ ನಾಲ್ಕು ಕಾಸು ಜಾಸ್ತಿ ತೆರಿಗೆ ಅಂದ್ರೆ ಮೈಮೇಲೆ ಬರ್ತಾರೆ. ಈ ಎಪ್ಪತ್ತು ಸೆಂಟ್ಸ್ ಯಾರ ಕಣ್ಣಿಗೂ ಬೀಳಲ್ಲ."

"ಜೋನಿ ಕಣ್ಣಿಗೆ ಬಿತ್ತು. ಅವಳ ಮೇಜಿನ ಮೇಲೆ ಆ ಲೆಕ್ಕದ ನಕಲು ಸಿಕ್ತು ನಂಗೆ."

ಗ್ವೆನ್ ತಟ್ಟೆ ಜೋಡಿಸುವುದನ್ನು ನಿಲ್ಲಿಸಿ ಇಬ್ಬರನ್ನೂ ನೋಡಿದಳು.

"ಸೋಮವಾರ ನಾಲ್ಕು ಗಂಟೆಗೆ ಬಂದಿದ್ಲು," ಎಂದ ಲೈಲ್ ಕೊನೆಗೆ. "ಎಲ್ಲ ಕಾಗದ ತಂದಿದ್ಲು. ಯಂತ್ರ ನಿಂತು ಐದು ವರ್ಷ ಆದ್ರೂ ಪ್ರತಿ ತಿಂಗ್ಳು 'ಪರೀಕ್ಷೆ ಮಾಡಿದೆ, ಸರಿಯಾಗಿ ನಡೀತಿದೆ' ಅಂತ ರಾಜ್ಯ ಸರ್ಕಾರಕ್ಕೆ ವರದಿ ಹೋಗ್ತಿದೆ, ಇದು ಜೈಲಿಗೆ ಹೋಗೋ ಕೆಲ್ಸ ಅಂದ್ಲು. ದೇವ್ರಾಣೆ ವರ್ನಾ, ನಾನವಳ ಮೈ ಮುಟ್ಟಿಲ್ಲ. ವರದಿ ಬರೆಯೋದು ನಾನಲ್ಲ, ಬರೆಯೋರನ್ನೇ ಹೋಗಿ ಕೇಳು ಅಂದೆ, ಅಷ್ಟೇ."

"ಬರೆಯೋರು ಯಾರು?"

ಲೈಲ್ ಬಾಯಿ ತೆರೆಯುವಷ್ಟರಲ್ಲಿ ಗಂಟೆ ಬಾರಿಸಿತು. ಮೂವರೂ ಪರದೆಯತ್ತ ತಿರುಗಿದರು. ಒಂಬತ್ತು, ಒಂದು, ಒಂದು. ಅದೇ ನಂಬರು.

ಗ್ವೆನ್‌ಳ ಕೈ ಗುಂಡಿಯತ್ತ ಹೋಯಿತು. "ಬಿಡು," ಎಂದು ವರ್ನಾ ಅವಳ ಮಣಿಕಟ್ಟು ಹಿಡಿದಳು. ಇನ್ನೊಂದು ಹೆಡ್‌ಫೋನನ್ನು ತಲೆಗೆ ಸಿಕ್ಕಿಸಿಕೊಂಡು ತಾನೇ ಕರೆ ತೆಗೆದುಕೊಂಡಳು.

ಪುಸ್... ಪುಸ್... ಪುಸ್...

"ನಾನು ವರ್ನಾ. ಫೋನ್ ಇಡಲ್ಲ. ಎಷ್ಟು ಹೊತ್ತಾದ್ರೂ ಇಡಲ್ಲ. ನಿಮಗೆ ಮಾತಾಡೋಕಾಗಲ್ಲ ಅಂತ ಗೊತ್ತಾಯ್ತು. ನಾನು ಕೇಳ್ತೀನಿ. ಹೌದು ಅಂದ್ರೆ ಒಂದು ಗುಂಡಿ ಒಂದ್ಸಲ ಒತ್ತಿ. ಅಲ್ಲ ಅಂದ್ರೆ ಎರಡು ಸಲ. ನಾನು ಹೇಳಿದ್ದು ಕೇಳಿಸ್ತಾ?"

ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ, ಪೀಂ. ಒಂದು.

"ಜೋನಿ? ನೀನು ಜೋನಿನಾ ಮಗಳೇ?"

ಪೀಂ. ಪೀಂ.

ಅಲ್ಲ. ನಾಲ್ಕು ದಿನದಿಂದ ಈ ಉಸಿರು ಯಾರದು ಹಾಗಾದರೆ? ಆಗ ಅವಳ ಕಿವಿ, ಹತ್ತೊಂಬತ್ತು ವರ್ಷ ಊರಿನವರ ನರಳಾಟವನ್ನೆಲ್ಲ ಕೇಳಿದ ಕಿವಿ, ಚುರುಕಾಯಿತು. ಗುಂಡಿ ಒತ್ತುವಾಗಲೂ ಆ ಪುಸ್ ಪುಸ್ ಒಂದಿಷ್ಟೂ ಹಿಂದೆಮುಂದೆ ಆಗಿರಲಿಲ್ಲ. ಮನುಷ್ಯರ ಉಸಿರು ಹೀಗೆ ಅಳತೆಗೋಲಿಟ್ಟ ಹಾಗೆ ಬರುವುದಿಲ್ಲ. ಅದು ಆಮ್ಲಜನಕ ಕೊಡುವ ಯಂತ್ರ.

"ನೀವು ವಯಸ್ಸಾದೋರಾ?" ಪೀಂ. "ನಿಮ್ಮಲ್ಲಿ ಒಬ್ಳು ಹೆಣ್ಣುಮಗಳು ಇದ್ದಾಳಾ? ಕೆಂಪು ಕೋಟು ಹಾಕಿರೋಳು?" ಪೀಂ. "ಜೀವ ಇದೆಯಾ ಅವಳಿಗೆ?"

ಈ ಸಲ ತಡವಾಯಿತು. ವರ್ನಾ ಮೇಜಿನ ಅಂಚನ್ನು ಹಿಡಿದು ನಿಂತಳು. ದೇವರೇ, ಒಂದೇ ಒತ್ತಲಿ. ಒಂದೇ.

ಪೀಂ.

ಮತ್ತೊಂದು ಬರಲಿಲ್ಲ. ವರ್ನಾಳ ಕಣ್ಣಿಂದ ನೀರು ಕಿತ್ತುಕೊಂಡು ಬಂತು.

"ಮನೆ ಒಳಗಿದ್ದಾಳಾ?" ಪೀಂ, ಪೀಂ. "ಹೊರಗಡೆ ಸುಂಟರಗಾಳಿ ನೆಲಮನೇಲಾ?" ಪೀಂ.

ಹೊಲದ ಮನೆಗಳಿಗೆಲ್ಲ ಹಿತ್ತಿಲಲ್ಲಿ, ಸುಂಟರಗಾಳಿ ಬಂದಾಗ ಅಡಗಲು, ಅಂಥದೊಂದು ನೆಲಮನೆ ಇರುತ್ತದೆ. ಮೇಲೆ ಮರದ ಬಾಗಿಲು, ಒಳಗೆ ಮಣ್ಣು, ಬೆಂಕಿಗೂಡಿಲ್ಲ. ಹಿಮಗಾಳಿ ಬಂದರೆ ಒಳಗಿದ್ದವರು ಮರಗಟ್ಟುತ್ತಾರೆ.

"ಕೂಡಿಹಾಕಿದೋರು ಈಗ ಮನೇಲಿದ್ದಾರಾ?" ಪೀಂ, ಪೀಂ. ಇಲ್ಲ. "ನನಗೆ ಗೊತ್ತಿರೋರಾ?" ಪೀಂ. "ಗಂಡಸಾ?"

ಪೀಂ. ಅಷ್ಟೇ. ಲೈನ್ ಸತ್ತಿತು.

"ಅವ್ರೇ ಇಟ್ರು," ಎಂದಳು ಗ್ವೆನ್ ಮೆಲ್ಲಗೆ. ಅವಳ ಮುಖ ಬಿಳಿಚಿಕೊಂಡಿತ್ತು.

ವರ್ನಾ ಹಿಂದಿರುಗಿ ನೋಡಿದಳು. ಲೈಲ್ ಕುರ್ಚಿಯಲ್ಲಿರಲಿಲ್ಲ. ಮೆಟ್ಟಿಲಿನ ಮೇಲೆ ಬೂಟಿನ ಸದ್ದು ದೂರವಾಗುತ್ತಿತ್ತು. ಗೊತ್ತಿರುವವರು, ಗಂಡಸು, ಈಗ ಮನೆಯಲ್ಲಿಲ್ಲ. ಹಿಂದೆ ಓಡಿ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಆದರೆ ಹಿಡಿದರೆ ಬಾಯಿ ಬಿಡುತ್ತಾನೆಯೇ? ಮೊದಲು ಬೇಕಾದದ್ದು ಮನೆ.

"ಗ್ವೆನ್, ಈ ನಂಬರಿನ ಕೊನೇ ಏಳು ಅಂಕಿ ಆ ಫೋನಿನ ಮೈಮೇಲೆ ಬರೆದಿರೋ ನಂಬರಿಂದು. ಅದು ನನ್ನ ಪುಸ್ತಕದಲ್ಲಿರ್ಬಹುದು."

ಲೂಥರನ್ ಚರ್ಚಿನ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟು, ಜನ ಬಿಟ್ಟುಕೊಟ್ಟ ಹಳೆಯ ಫೋನುಗಳನ್ನು ಕೂಡಿಹಾಕಿ, ಬಿಲ್ಲು ಕಟ್ಟಲಾಗದ ಮುದುಕ ಮುದುಕಿಯರಿಗೆ ಆಪತ್ತಿಗಿರಲಿ ಎಂದು ಹಂಚುತ್ತಿದ್ದವಳು ವರ್ನಾ. ಎಂಟು ವರ್ಷದಲ್ಲಿ ಇನ್ನೂರು ಫೋನು ಕೊಟ್ಟಿದ್ದಳು. ಯಾವ ಫೋನು ಯಾರಿಗೆ ಎಂದು ಒಂದೊಂದನ್ನೂ ಬರೆದಿಟ್ಟಿದ್ದಳು. ಮಕ್ಕಳ ಆಟಿಕೆ ಎಂದು ಇಲ್ಲಿ ಕತ್ತರಿಸುತ್ತಿದ್ದ ಕರೆಗಳಲ್ಲಿ ಆ ಮುದುಕರ ಕರೆಗಳೂ ಇರಬಹುದೆಂದು ಅವಳಿಗೆ ಇವತ್ತಿನವರೆಗೆ ಹೊಳೆದಿರಲಿಲ್ಲ.

"ಆ ಪುಸ್ತಕ ಈ ನೆಲಮಾಳಿಗೆಗೆ ನೀರು ನುಗ್ಗಿದಾಗ ಹೋಯ್ತಲ್ಲೇ," ಎಂದಳು ಗ್ವೆನ್.

"ಹೋಗಿದ್ದು ನಕಲು. ನನ್ನದು ಗಾಡೀಲಿದೆ. ಶೆರಿಫ್‌ಗೆ ಹೇಳು."

"ಅವ್ರು ರಾಜಧಾನೀಲಿ ಕೋರ್ಟೊಳಗಿದ್ದಾರೆ, ಸಂಜೆವರೆಗೂ ಫೋನ್ ಬಂದ್."

"ಹಾಗಾದ್ರೆ ಗಸ್ತಲ್ಲಿರೋ ಕರ್ಟ್‌ನ ಕಳ್ಸು, ಡ್ವೇನ್‌ನೂ ಕಳ್ಸು. ಆಶ್ ಕ್ರೀಕ್ ಕಡೆ ಹೊರಡ್ಲಿ. ಯಾವ ಮನೆ ಅಂತ ರೇಡಿಯೊದಲ್ಲಿ ಹೇಳ್ತೀನಿ."

ಹೊರಗೆ ಗಾಳಿ ಮುಖಕ್ಕೆ ಬಡಿಯಿತು. ಆಕಾಶ ಸೀಸದ ಬಣ್ಣಕ್ಕೆ ತಿರುಗಿತ್ತು. ವರ್ನಾ ಗಾಡಿ ಹತ್ತಿ ಬಾಗಿಲೆಳೆದುಕೊಂಡು, ಸೀಟಿನಡಿಯಿಂದ ಪುಸ್ತಕ ತೆಗೆದು, ಚೀಟಿಯಲ್ಲಿ ಗೀಚಿಕೊಂಡಿದ್ದ ಏಳು ಅಂಕಿಗಳನ್ನು ಹುಡುಕತೊಡಗಿದಳು. ಕೈಗವಸಿನಲ್ಲಿ ಹಾಳೆ ತಿರುಗಲಿಲ್ಲ. ಗವಸನ್ನು ಹಲ್ಲಿನಲ್ಲಿ ಎಳೆದು ಬಿಸಾಡಿದಳು.

ಇಪ್ಪತ್ತಮೂರನೇ ಪುಟದಲ್ಲಿ ಸಿಕ್ಕಿತು. ತನ್ನದೇ ಕೈಬರಹ. "ಓಪಲ್ ಯಾನ್ಸೆನ್. ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ. ಆಮ್ಲಜನಕ ಬೇಕು. ಆಶ್ ಕ್ರೀಕ್ ರಸ್ತೆಯ ಕೊನೆಯ ಮನೆ. ಫೋನ್ ಪಡೆದವರು: ಮಗಳು."

ಅದರ ಮುಂದೆ ಮಗಳ ಸಹಿ. ಗ್ವೆನ್ ಟಟಲ್.

ವರ್ನಾ ಅದನ್ನು ಎರಡು ಸಲ ಓದಿದಳು, ಮೂರು ಸಲ ಓದಿದಳು. ಓಪಲ್‌ಳನ್ನು ಎರಡು ವರ್ಷದ ಹಿಂದೆಯೇ ದೂರದ ವೃದ್ಧಾಶ್ರಮಕ್ಕೆ ಸೇರಿಸಿದೆ, ತೋಟದ ಮನೆಗೆ ಬೀಗ ಹಾಕಿದೆ ಎಂದು ಗ್ವೆನ್ ಊರಿಗೆಲ್ಲ ಹೇಳಿದ್ದಳು. ಹೇಳುವಾಗ ಅತ್ತಿದ್ದಳು. ವರ್ನಾ ತಬ್ಬಿಕೊಂಡು ಸಮಾಧಾನ ಮಾಡಿದ್ದಳು. ಆ ಸುಳ್ಳು ಏಕೆಂದು ಯೋಚಿಸಲು ಈಗ ಹೊತ್ತಿರಲಿಲ್ಲ.

ಗಂಡಸಾ ಎಂದು ಕೇಳಿದ್ದಕ್ಕೆ ಬಂದದ್ದು ಒಂದೇ ಸದ್ದು. ಆ ಮುದುಕಿ ಎರಡನೆಯದನ್ನು ಒತ್ತುವ ಮೊದಲೇ ಲೈನ್ ಹೋಗಿತ್ತು. ಇಟ್ಟವಳು ಓಪಲ್ ಅಲ್ಲ. ಪಕ್ಕದಲ್ಲೇ ಕೂತು, ಮೇಜಿನ ಕೆಳಗೆ ಬೆರಳಾಡಿಸಿ, ಕತ್ತರಿಸಿದವಳು ಗ್ವೆನ್. ನಾಲ್ಕು ದಿನ ತನ್ನ ತಾಯಿಯ ಉಸಿರಿನ ಯಂತ್ರದ ಸದ್ದನ್ನು ಕೇಳಿಕೇಳಿ ಕತ್ತರಿಸಿದವಳೂ ಗ್ವೆನ್. ಓಪಲ್ ಎಲ್ಲೋ ಬಚ್ಚಿಟ್ಟುಕೊಂಡಿದ್ದ ಆ ಫೋನು ಮಾತ್ರ ಮಗಳ ಕೈಗೆ ಸಿಕ್ಕಿರಲಾರದು. ತಿಂಗಳಿಗೊಂದು ವರದಿ ಬರೆಯುವವರು ಯಾರೆಂದು ಇನ್ನು ಲೈಲ್‌ನನ್ನು ಕೇಳಬೇಕಾಗಿರಲಿಲ್ಲ. ಪರೀಕ್ಷೆ ಮಾಡಬೇಕಾದವರು ಆ ಪರದೆಯ ಮುಂದೆ ಕೂತವರಲ್ಲದೆ ಇನ್ನಾರು?

ಭುಜದ ರೇಡಿಯೊ ಗುರುಗುಟ್ಟಿತು. ವರ್ನಾ ಬೆಚ್ಚಿಬಿದ್ದಳು.

"ಪುಸ್ತಕ ಸಿಕ್ತಾ ವರ್ನಾ?" ಗ್ವೆನ್‌ಳ ದನಿ. ಎಂದಿನ ದನಿ, ಬಿಸಿ ರೋಲಿನಂಥ ದನಿ.

ವರ್ನಾ ಪುಸ್ತಕ ಮುಚ್ಚಿ ಹೇಳಿದಳು. "ಇಲ್ಲ ಕಣೇ. ಮನೇಲಿರ್ಬೇಕು. ಹೋಗಿ ತರ್ತೀನಿ."

ಆಚೆ ಕಡೆ ಕೀಲಿಮಣೆ ಟಕಟಕ ಎಂದಿತು.

"ಆಯ್ತು. ನಿಧಾನ ಹೋಗು. ರಸ್ತೆ ಜಾರ್ತಿದೆ."

ವರ್ನಾಳ ಮನೆ ಬಲಕ್ಕೆ. ಅವಳು ಎಡಕ್ಕೆ ತಿರುಗಿಸಿದಳು. ಧಾನ್ಯದ ಗೋದಾಮು ದಾಟಿತು, ರೈಲುಹಳಿ ದಾಟಿತು. ಕರ್ಟ್‌ನೂ ಡ್ವೇನ್‌ನೂ ಹೊರಟಿದ್ದಾರೆಯೇ? ಕಳುಹಿಸು ಎಂದು ತಾನು ಹೇಳಿದ್ದು ಯಾರಿಗೆ? ರೇಡಿಯೊದಲ್ಲಿ ಅವರನ್ನು ಕರೆದರೆ ಗ್ವೆನ್ ಕೇಳುತ್ತಾಳೆ. ಅವರ ಸ್ವಂತ ಫೋನುಗಳು ಪಾಳಿ ಮುಗಿಯುವವರೆಗೆ ಠಾಣೆಯ ಕಪಾಟಿನಲ್ಲಿ. ಫೋನಿನಲ್ಲಿ ನೈನ್ ಒನ್ ಒನ್ ಒತ್ತಿದರೆ ಎತ್ತುವವಳೂ ಗ್ವೆನ್. ಈ ಕೌಂಟಿಯ ಆರು ಸಾವಿರ ಜನ ಆಪತ್ತಿನಲ್ಲಿ ಕರೆಯುವುದು ಒಂದೇ ಕೊಠಡಿಯನ್ನು, ಈ ಹೊತ್ತಿನಲ್ಲಿ ಆ ಕೊಠಡಿಯಲ್ಲಿರುವುದು ಗ್ವೆನ್ ಒಬ್ಬಳೇ.

ಪಕ್ಕದ ಪೈಪರ್ ಕೌಂಟಿಯ ಕರೆ ಕೊಠಡಿಯ ನೇರ ನಂಬರು ವರ್ನಾಳಿಗೆ ಬಾಯಿಪಾಠ. ಸ್ವಂತ ಮೊಬೈಲಿನಲ್ಲಿ ಅದನ್ನು ಒತ್ತಿದಳು. ಎತ್ತಿದ್ದು ಹೊಸ ದನಿ.

"ಕೇಳಮ್ಮಾ, ನಾನು ವಿಲೋಫೋರ್ಕ್‌ನ ತನಿಖಾಧಿಕಾರಿ ವರ್ನಾ ಹ್ರಸ್ಕಾ. ಆಶ್ ಕ್ರೀಕ್ ರಸ್ತೆ, ಕೊನೇ ಮನೆ. ನೆಲಮನೇಲಿ ಒಬ್ಳನ್ನ ಕೂಡಿಹಾಕಿದ್ದಾರೆ. ನಿಮ್ಮ ಗಾಡಿಗಳನ್ನ ಕಳ್ಸು, ನಮ್ಮ ಕೊಠಡಿಗೆ ಮಾತ್ರ..."

"ಆಶ್ ಕ್ರೀಕಾ? ಅದು ನಿಮ್ಮ ಕೌಂಟಿ ಮೇಡಂ, ನಮ್ಮದಲ್ಲ. ಇಡಬೇಡಿ, ಅಲ್ಲಿಗೇ ಕೊಡ್ತೀನಿ."

"ಬೇಡ! ಬೇಡ, ಕೊಡಬೇಡ..."

ಟಕ್ ಎಂದಿತು. ಬೇರೆ ಕೌಂಟಿಯ ಕರೆ ಬಂದರೆ ತಡಮಾಡದೆ ಆ ಕೌಂಟಿಗೆ ದಾಟಿಸಬೇಕು. ಹೊಸಬರಿಗೆ ಮೊದಲ ದಿನ ಕಲಿಸುವುದೇ ಅದನ್ನು. ಆ ಹುಡುಗಿ ಒಂದಿಷ್ಟೂ ತಪ್ಪಿರಲಿಲ್ಲ.

"ನೈನ್ ಒನ್ ಒನ್, ನಿಮ್ಮ ಆಪತ್ತು ಎಲ್ಲಿ?"

ವರ್ನಾ ಉಸಿರು ಬಿಗಿಹಿಡಿದಳು.

"ಮಾತಾಡೇ ವರ್ನಾ. ನಿನ್ನ ನಂಬರು ನಂಗೆ ಗೊತ್ತಿಲ್ವಾ?" ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಮನೆಗೆ ಹೋಗ್ತೀನಿ ಅಂದೆ. ಎಡಕ್ಯಾಕೆ ತಿರುಗಿದೆ?"

ಕರೆ ಮಾಡಿದವರ ಜಾಗವನ್ನು ತೋರಿಸದ ಆ ಪರದೆ ಇಲಾಖೆಯ ಗಾಡಿಗಳ ಜಾಗವನ್ನು ಮಾತ್ರ ತಿರುವು ತಿರುವಿಗೂ ತೋರಿಸುತ್ತದೆ. ಅದು ವರ್ನಾಳಿಗೆ ನೆನಪಾಗಿದ್ದು ಈಗ.

"ಗ್ವೆನ್, ಅವಳಿನ್ನೂ ಬದುಕಿದ್ದಾಳೆ. ಇಷ್ಟಕ್ಕೇ ನಿಲ್ಸು. ನಾನೇ ನಿನ್ನ ಪರ ಮಾತಾಡ್ತೀನಿ."

"ನಾನು ಹೊಸದಾಗಿ ಬಂದಾಗ ಇನ್ನೊಂದು ಮಾತೂ ಹೇಳಿಕೊಟ್ಟಿದ್ದೆ ನೀನು," ಎಂದಳು ಗ್ವೆನ್. "ರೇಡಿಯೊದಲ್ಲಿ ದನಿ ನಡುಗಬಾರ್ದು. ನಡುಗದ ದನಿಯನ್ನ ಎಲ್ರೂ ನಂಬ್ತಾರೆ ಅಂತ."

ಫೋನ್ ಕಟ್ಟಾಯಿತು. ಮರುಕ್ಷಣ ಭುಜದ ರೇಡಿಯೊ ಬಾಯಿಬಿಟ್ಟಿತು.

"ಎಲ್ಲ ಗಾಡಿಗಳಿಗೂ ಸೂಚನೆ. ಜೋನಿ ಕಾಣೆಯಾದ ಪ್ರಕರಣದ ಶಂಕಿತೆ ಪತ್ತೆಯಾಗಿದ್ದಾಳೆ. ನಮ್ಮ ಇಲಾಖೆಯ ವರ್ನಾ ಹ್ರಸ್ಕಾ. ಆಶ್ ಕ್ರೀಕ್ ರಸ್ತೆಯಲ್ಲಿ ಉತ್ತರಕ್ಕೆ ಹೋಗುತ್ತಿದ್ದಾಳೆ. ಹುಡುಗಿಯನ್ನು ಮುಗಿಸಲು ಹೊರಟಿದ್ದೇನೆಂದು ಈಗಷ್ಟೇ ಕರೆ ಮಾಡಿ ಹೇಳಿದಳು. ಬಂದೂಕು ಇದೆ, ಎಚ್ಚರಿಕೆ."

"ಸುಳ್ಳು!" ಎಂದು ವರ್ನಾ ರೇಡಿಯೊದ ಗುಂಡಿಯನ್ನು ಒತ್ತಿ ಹಿಡಿದು ಕಿರುಚಿದಳು. "ಕರ್ಟ್, ಡ್ವೇನ್, ಅದು ಸುಳ್ಳು! ಗ್ವೆನ್ ಅಮ್ಮನ ಮನೇಲಿ..." ಅವಳ ರೇಡಿಯೊದ ಹಸಿರು ದೀಪ ಆಗಲೇ ಆರಿ ಕೆಂಪಾಗಿತ್ತು. ಇವಳ ಒಂದು ಮಾತೂ ಹೊರಗೆ ಹೋಗದಂತೆ ಗ್ವೆನ್ ಕೊಠಡಿಯಿಂದಲೇ ಮುಚ್ಚಿದ್ದಳು. ಬರುವ ಮಾತು ಮಾತ್ರ ಬರುತ್ತಿತ್ತು.

"ಕರ್ಟ್ ಇಲ್ಲಿ. ಏನು, ವರ್ನಾನಾ? ನಮ್ಮ ವರ್ನಾನಾ?" ಒಂದು ಗಳಿಗೆ ಬಿಟ್ಟು, ಭಾರವಾದ ದನಿಯಲ್ಲಿ, "ಹೊರಟೆ."

"ಡ್ವೇನ್. ನಾನು ಮುಂದಿನ ಸೇತುವೇಲಿ ಅಡ್ಡ ನಿಲ್ತೀನಿ."

ಮೊದಲ ಹಿಮ ಗಾಜಿಗೆ ಅಡ್ಡಡ್ಡ ಬಡಿಯತೊಡಗಿತು. ಹಿಂದಿನ ಕನ್ನಡಿಯಲ್ಲಿ, ಬಿಳಿಯ ಮಬ್ಬಿನೊಳಗೆ, ಕೆಂಪು ನೀಲಿ ದೀಪವೊಂದು ತಿರುಗುತ್ತ ಹತ್ತಿರವಾಗುತ್ತಿತ್ತು. ನಿಲ್ಲಿಸಿದರೆ ಕೈಗೆ ಬೇಡಿ, ಅರ್ಧ ದಿನ ವಿಚಾರಣೆ, ಅಷ್ಟರಲ್ಲಿ ನೆಲಮನೆಯಲ್ಲಿ ಜೋನಿ ಮರಗಟ್ಟುತ್ತಾಳೆ. ನಿಲ್ಲಿಸದಿದ್ದರೆ ಮುಂದೆ ಸೇತುವೆ, ಸೇತುವೆಯ ಮೇಲೆ ತಾನೇ ಗುರಿಯಿಟ್ಟು ಹೊಡೆಯಲು ಕಲಿಸಿದ ಡ್ವೇನ್.

ವರ್ನಾ ವೇಗ ಹೆಚ್ಚಿಸಿದಳು.